ಸುಮ್ಮನೆ ಕುಳಿತ ಕಂದು ಎಳೆ

ನಮ್ಮ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗ ಹಗ್ಗವಲ್ಲ, ಬೂದು ಬಣ್ಣದ ನೆಟ್‌ವರ್ಕ್ ಕೇಬಲ್ಲು. ನೀರಿನ ಟಾಕಿಯ ಕಾಲಿನಿಂದ ಮೆಟ್ಟಿಲ ಗೋಡೆಯ ಮೊಳೆಯವರೆಗೆ ಅವ್ವ ಅದನ್ನು ಬಿಗಿದು ಕಟ್ಟಿದ್ದಾಳೆ. ರಾಯಚೂರಿನ ಬಿಸಿಲಿಗೆ ನೈಲಾನ್ ಹಗ್ಗಗಳು ಪುಡಿಪುಡಿಯಾಗಿ ಉದುರುತ್ತವೆ, ಇದು ಮಾತ್ರ ಜಗ್ಗಿಲ್ಲ, ಬಗ್ಗಿಲ್ಲ ಎಂದು ಅವಳಿಗೆ ಅಭಿಮಾನ. ಅದನ್ನು ಮನೆಗೆ ತಂದವಳು ನಾನೇ. ಕೆಲಸದ ಜಾಗದಲ್ಲಿ ಉಳಿದ ತುಂಡನ್ನು ಬಿಸಾಡಲು ಮನಸ್ಸಾಗದೆ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದೆ. ಈಗ ನಾನು ನನ್ನ ಬಟ್ಟೆಗಳನ್ನು ಅದರ ಮೇಲೆ ಹಾಕುವುದಿಲ್ಲ. ಮಾಳಿಗೆಯ ಕಟ್ಟೆಯ ಮೇಲೆ ಹರಡಿ ಮೇಲೊಂದು ಕಲ್ಲು ಹೇರುತ್ತೇನೆ. ಮೊನ್ನೆ ಗಾಳಿಗೆ ಒಂದು ದುಪಟ್ಟಾ ಹಾರಿ ಪಕ್ಕದ ಮನೆಯವರ ಹಪ್ಪಳದ ಮೇಲೆ ಬಿತ್ತು. ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅದೇನ್ ಹಾವ್ ಅದ ಏನವಾ, ಮುಟ್ಟಾಕ ಅಂಜಾಕತ್ತಿ? ಎರಡೂ ಕಡಿ ನಾನಾ ಕಟ್ಟೀನಿ. ಯಾವ ಡಬ್ಬಿಗೂ ಹಚ್ಚಿಲ್ಲ."

ಅವಳ ಮಾತು ಸರಿ. ಎರಡೂ ತುದಿಗಳು ಕಣ್ಣೆದುರಿಗೇ ಇರುವ ತಂತಿಯಲ್ಲಿ ಏನೂ ಇರಲಾರದು. ಇದು ನನ್ನ ತಲೆಗೆ ಗೊತ್ತು. ಬೆರಳಿಗೆ ಗೊತ್ತಿಲ್ಲ. ಕೇಬಲ್ಲಿನ ಹತ್ತಿರ ಹೋದಕೂಡಲೇ ನನ್ನ ಬಲಗೈ ತಾನಾಗಿ ಮಡಚಿಕೊಂಡು ಎದೆಗೆ ಬಂದು ಕೂರುತ್ತದೆ, ಕೋಳಿಯ ಕಾಲಿನ ಹಾಗೆ. ನೋಡಿದವರು ನಗುತ್ತಾರೆ. ನಾನೂ ನಗುತ್ತೇನೆ. ಕೈ ಮಾತ್ರ ಕೆಳಗಿಳಿಯುವುದಿಲ್ಲ.

ನಮ್ಮ ಕಡೆ ಯಾವ ವಸ್ತುವೂ ಸುಮ್ಮನೆ ಕೂರುವ ಹಾಗಿಲ್ಲ. ಇದು ನನಗೆ ಬಾಗಲವಾಡದ ಅಜ್ಜಿಯಿಂದ ಬಂದ ಪಾಠ. ಅವಳ ಹರಿದ ಸೀರೆ ಕೌದಿಯಾಗುತ್ತಿತ್ತು, ಹರಿದ ಕೌದಿ ಎಮ್ಮೆಯ ಬೆನ್ನಿಗೆ ಹೋಗುತ್ತಿತ್ತು, ಎಮ್ಮೆ ತಿಕ್ಕಿ ತಿಕ್ಕಿ ಅದನ್ನು ಚಿಂದಿ ಮಾಡಿದ ಮೇಲೆ ಒಲೆಯಿಂದ ಪಾತ್ರೆ ಇಳಿಸುವ ಅರಿವೆಯಾಗುತ್ತಿತ್ತು. ಎಣ್ಣೆಯ ಡಬ್ಬ ಬಕೆಟ್ಟಾಯಿತು, ತೂತು ಬಿದ್ದ ಮೇಲೆ ತುಳಸಿಯ ಕುಂಡವಾಯಿತು. ಸುಟ್ಟುಹೋದ ಟ್ಯೂಬ್‌ಲೈಟಿನ ಪಟ್ಟಿ ಕೋಳಿಗೂಡಿನ ಬಾಗಿಲ ಅಗುಳಿಯಾಗಿತ್ತು. ನಾವು ಮಕ್ಕಳು ರಜೆಗೆ ಹೋದರೆ ನಮ್ಮದೂ ಅದೇ ಗತಿ. ಜಗಲಿಯ ಮೇಲೆ ಕಾಲಾಡಿಸುತ್ತ ಕೂತಿದ್ದು ಕಂಡರೆ ಸಾಕು, ಮೊರದ ತುಂಬ ಹುಣಸೆಹಣ್ಣು ತಂದು ಮುಂದಿಟ್ಟು, "ಬೀಜ ತಗೀರಿ. ಖಾಲಿ ಕುಂತ ಮನಷ್ಯಾಗ ದೆವ್ವ ಹಿಡಿತದ" ಅನ್ನುತ್ತಿದ್ದಳು. ಖಾಲಿ ಕುಂತ ತಂತಿಗೂ ದೆವ್ವ ಹಿಡಿಯುತ್ತದೆಂದು ಅವಳು ಹೇಳಿರಲಿಲ್ಲ. ಅವಳ ಕಾಲಕ್ಕೆ ಬಾಗಲವಾಡದಲ್ಲಿ ಅಷ್ಟು ತಂತಿಗಳೇ ಇರಲಿಲ್ಲ.

ನಾನು ಕಂಪ್ಯೂಟರ್ ಓದಿದವಳು. ರಾಯಚೂರಿನ ಒಂದು ಕಾಲೇಜಿನಲ್ಲಿ ನೆಟ್‌ವರ್ಕಿನ ಏಳು ಪದರಗಳನ್ನು ವಚನದ ಹಾಗೆ ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದಿದ್ದೆ. ಮೇಲಿನ ಪದರ ಯಾವುದು, ಕೆಳಗಿನದು ಯಾವುದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಎಲ್ಲಕ್ಕಿಂತ ಕೆಳಗಿನ ಪದರವೆಂದರೆ ತಂತಿ. ಅದರ ಬಗ್ಗೆ ಎರಡು ಅಂಕದ ಪ್ರಶ್ನೆಯಷ್ಟೇ ಬರುತ್ತಿತ್ತು, ಹಾಗಾಗಿ ಅದಕ್ಕೆ ಎರಡು ಅಂಕದಷ್ಟೇ ಗೌರವ ಕೊಟ್ಟಿದ್ದೆ. ಓದು ಮುಗಿದ ಮೇಲೆ ಕೆಲಸ ಸಿಕ್ಕಿದ್ದು ಮಾನ್ವಿ ದಾಟಿ ಹಿರೇಕೊಟ್ನೆಕಲ್ ಕಡೆಗೆ ಹೋಗುವ ರಸ್ತೆಯ ಒಂದು ಅಕ್ಕಿ ಗಿರಣಿಯಲ್ಲಿ. ಭತ್ತದ ಲಾರಿಗಳನ್ನು ತೂಗುವ ಕಾಟಾ ಗೇಟಿನ ಹತ್ತಿರ ಇದೆ. ಅದರ ಪಕ್ಕದ ತಗಡಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ನಾನು. ಭತ್ತ ಒಣಹಾಕುವ ದೊಡ್ಡ ಅಂಗಳ ದಾಟಿದರೆ ಆ ತುದಿಗೆ ಆಫೀಸು, ಅಲ್ಲಿ ಸಾವ್ಕಾರರ ಕಂಪ್ಯೂಟರು. ಇಲ್ಲಿ ಲಾರಿ ತೂಗಿದ ಗಳಿಗೆಗೆ ಅಲ್ಲಿ ಅವರಿಗೆ ತೂಕ ಕಾಣಬೇಕು. ಎರಡರ ನಡುವೆ ಒಂದು ಕೇಬಲ್ಲು, ಕಂಬದಿಂದ ಕಂಬಕ್ಕೆ ಜೋತುಬಿದ್ದುಕೊಂಡು ಅಂಗಳವನ್ನು ದಾಟುತ್ತಿತ್ತು.

ಆ ಕೇಬಲ್ಲು ಎಳೆದವನು ದೇವದುರ್ಗದ ಶಬ್ಬೀರ್. ಒಂದು ಹಳೆಯ ಮೋಟಾರ್‌ಸೈಕಲ್ಲು, ಹಿಂದೆ ಕೇಬಲ್ಲಿನ ಪೆಟ್ಟಿಗೆ, ಹೆಗಲಿಗೆ ಹತ್ಯಾರಗಳ ಚೀಲ. ದೇವದುರ್ಗ, ಅರಕೇರಾ, ಮಾನ್ವಿ, ಎಲ್ಲಿ ಅಂಗಡಿಯವರು ಎರಡು ಕಂಪ್ಯೂಟರ್ ಇಟ್ಟರೂ ಅವುಗಳ ನಡುವೆ ಮಾತು ತರುವವನು ಇವನೇ. ನಲವತ್ತರ ಆಸುಪಾಸಿನ, ಹೊಟ್ಟೆ ಬಂದ, ಬಾಯಿ ಮುಚ್ಚದ ಮನುಷ್ಯ. ಮೊದಲ ದಿನವೇ ಒಂದು ತುಂಡು ಕೇಬಲ್ಲಿನ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಸುಲಿದು ನನಗೆ ತೋರಿಸಿದ. ಒಳಗೆ ಎಂಟು ತೆಳುವಾದ ಎಳೆಗಳು, ಎರಡೆರಡು ಜೋಡಿಯಾಗಿ ಒಂದಕ್ಕೊಂದು ಹೊಸೆದುಕೊಂಡು.

"ಯಾಕ್ ಹೊಸದಾರ ಗೊತ್ತೇನ್ರಿ ಮೇಡಂ? ಸಂತ್ಯಾಗ ಗಂಡ ಹೆಂಡ್ತಿ ಕೈ ಹಿಡಕೊಂಡ್ ಹೊಂಟ್ರ, ಮಂದಿ ನೂಕಿದ್ರ ಇಬ್ರಿಗೂ ಒಮ್ಮೆ ನೂಕ್ತದ. ತಪ್ಪಿಸ್ಕೊಳ್ಳಂಗಿಲ್ಲ."

ಇದೇ ಮಾತನ್ನು ನನ್ನ ಪುಸ್ತಕ ಒಂದು ಪುಟ ಹೇಳಿತ್ತು. ಹೊಸೆದ ಜೋಡಿಗೆ ಹೊರಗಿನ ಗದ್ದಲ ಎರಡೂ ಎಳೆಗೆ ಒಂದೇ ಸಮ ತಗುಲುತ್ತದೆ, ಆ ತುದಿಯ ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ಓದಿಕೊಂಡು ಗದ್ದಲವನ್ನು ಕಳೆದುಹಾಕುತ್ತದೆ. ಎಳೆಗಳಿಗೆ ಒಂದು ಸಾಲಿನ ಶಿಸ್ತೂ ಇದೆ. ಬಿಳಿಗಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಗಂದು, ಕಂದು. ಎರಡೂ ತುದಿಯಲ್ಲಿ ಅದೇ ಸಾಲಿನಲ್ಲಿ ಅವನ್ನು ಕಲ್ಲುಸಕ್ಕರೆಯಂಥ ಪುಟ್ಟ ಪಾರದರ್ಶಕ ಕನೆಕ್ಟರಿನೊಳಗೆ ತುರುಕಿ, ಇಕ್ಕಳದಂಥ ಕ್ರಿಂಪಿಂಗ್ ಹತ್ಯಾರದಿಂದ ಗಟ್ಟಿಯಾಗಿ ಒತ್ತಬೇಕು. ಒತ್ತಿದಾಗ ಕನೆಕ್ಟರಿನ ಹಿತ್ತಾಳೆಯ ಹಲ್ಲುಗಳು ಇಳಿದು ತಾಮ್ರವನ್ನು ಕಚ್ಚುತ್ತವೆ. ಕಟ್ ಎನ್ನುವ ಸಣ್ಣ ಸದ್ದು. ಅಲ್ಲಿಗೆ ಎರಡು ಕೋಣೆಗಳ ನೆಂಟಸ್ತನ ಕುದುರಿತು.

ಶಬ್ಬೀರನಿಗೆ ಒಂದು ಕೆಟ್ಟ ತಮಾಷೆಯ ಚಟವಿತ್ತು. ಹೊಸ ಜಾಗದಲ್ಲಿ ಕೇಬಲ್ ಹಿಡಿದವನೇ ಕಣ್ಣು ಮೇಲೆ ಮಾಡಿ, ಮೈ ಬಿಗಿದು, ಗಡಗಡ ನಡುಗುವುದು. ಸುತ್ತ ನಿಂತವರು ಕಿರುಚಿದ ಮೇಲೆ ಹೊಟ್ಟೆ ಕುಣಿಸಿ ನಗುವುದು. "ಇದ್ರಾಗ ಮಾತ್ ಹರಿತದ್ರಿ, ಕರೆಂಟ್ ಹರಿಯಂಗಿಲ್ಲ. ಕೂಸಿನ ಕೈಯಾಗ ಕೊಡ್ರಿ, ಏನೂ ಆಗಂಗಿಲ್ಲ." ನನ್ನನ್ನೂ ಹೀಗೆ ಒಮ್ಮೆ ಕುರ್ಚಿಯಿಂದ ಎಬ್ಬಿಸಿದ್ದ. ಆಮೇಲೆ ನಾನು ಮೋಸ ಹೋಗುತ್ತಿರಲಿಲ್ಲ. ಇದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ನೆಟ್‌ವರ್ಕಿನ ಮಾತು ಬಂದಾಗಲೆಲ್ಲ ನನಗೆ ಅಜ್ಜಿಯ ಓಣಿ ನೆನಪಾಗುತ್ತದೆ. ಆ ಓಣಿಯಲ್ಲಿ ಯಾರಿಗೆ ಏನು ಹೇಳಬೇಕಾದರೂ ಅಜ್ಜಿ ಜಗಲಿಯ ಮೇಲೆ ನಿಂತು ಒಂದೇ ಸಲ ಇಡೀ ಓಣಿಗೆ ಕೂಗುತ್ತಿದ್ದಳು. "ಪಾರವ್ವನ ಮೊಮ್ಮಗಳಿಗೆ ಭೇದಿ ಹತ್ತ್ಯಾದಂತ, ದಾಳಿಂಬ್ರಿ ಸಿಪ್ಪಿ ಇದ್ರ ಕೊಡ್ರಿ!" ಬೇಕಾದವರು ಕೇಳಿಕೊಳ್ಳಬೇಕು, ಬೇಡದವರು ಬಿಡಬೇಕು. ಹಳೆಯ ಕಾಲದ ಹಬ್ ಎಂಬ ಪೆಟ್ಟಿಗೆ ಹೀಗೆಯೇ. ಒಂದು ತೂತಿನಿಂದ ಬಂದ ಸುದ್ದಿಯನ್ನು ಎಲ್ಲ ತೂತಿಗೂ ಕೂಗಿಬಿಡುತ್ತಿತ್ತು. ಈಗಿನ ಸ್ವಿಚ್ ಎಂಬ ಪೆಟ್ಟಿಗೆ ಪೋಸ್ಟ್‌ಮನ್ನಿನಂಥದ್ದು. ಯಾವ ಬಾಗಿಲಲ್ಲಿ ಯಾರಿದ್ದಾರೆಂದು ಒಂದು ಸಲ ನೋಡಿಟ್ಟುಕೊಂಡು, ಆಮೇಲೆ ಅವರ ಸುದ್ದಿಯನ್ನು ಅವರ ಬಾಗಿಲಿಗೇ ಮುಟ್ಟಿಸುತ್ತದೆ. ಆ ತುದಿಯವರು ಇದ್ದಾರೋ ಇಲ್ಲವೋ ತಿಳಿಯಲು ಪಿಂಗ್ ಎಂಬ ಒಂದು ಕರೆ ಕಳಿಸುತ್ತೇವೆ. ಬಾಗಿಲಲ್ಲಿ ನಿಂತು "ಯಾರದೀರಿ ಒಳಗ?" ಅಂದ ಹಾಗೆ. ಒಳಗಿನವರು ಇದ್ದರೆ "ಅದೀವಿ" ಎನ್ನುತ್ತಾರೆ. ಉತ್ತರ ಬರದಿದ್ದರೆ ಮನೆಯಲ್ಲಿ ಯಾರೂ ಇಲ್ಲ, ಅಥವಾ ದಾರಿಯಲ್ಲಿ ಏನೋ ಆಗಿದೆ.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಸಾವ್ಕಾರರಿಗೆ ಮಾತ್ರ ಕಂಪ್ಯೂಟರ್ ಮೂಲಕ ಮಾತು ಕಳಿಸುವುದು ಹಿಡಿಸುತ್ತಿರಲಿಲ್ಲ, ಫೋನೂ ಅಷ್ಟಕ್ಕಷ್ಟೆ. ಶರಣಪ್ಪ ಸಾವ್ಕಾರರಿಗೆ ಗಂಟೆ ಬೇಕು. ಅವರ ತಂದೆಯ ಕಾಲದಲ್ಲಿ ಗಿರಣಿಯ ಆಫೀಸಿನಲ್ಲಿ ಹಿತ್ತಾಳೆಯ ಗಂಟೆಯಿತ್ತಂತೆ. ಒಂದು ಸಲ ಬಾರಿಸಿದರೆ ಲಾರಿ ಒಳಗೆ ಬಿಡು, ಎರಡು ಸಲ ಬಾರಿಸಿದರೆ ಚಹಾ, ಉದ್ದಕ್ಕೆ ಬಾರಿಸಿದರೆ ಓಡಿ ಬಾ. ಕಾಟಾ ಕೋಣೆಗೂ ಅಂಥದ್ದೊಂದು ಕರೆಂಟಿನ ಗಂಟೆ ಹಾಕಿಸಿ, ಅದರ ಗುಂಡಿ ತಮ್ಮ ಮೇಜಿನ ಮೇಲಿರಬೇಕೆಂದು ಅವರ ಆಸೆ. ಆ ಕೆಲಸವನ್ನು ಮಾನಪ್ಪನಿಗೆ ಹೇಳಿದರು. ಮಾನಪ್ಪ ಗೇಟಿನ ಕಾವಲುಗಾರ, ನನ್ನ ಕೋಣೆಯ ಜೊತೆಗಾರ, ಗಿರಣಿಯ ಫ್ಯೂಸು, ನಲ್ಲಿ, ಬೀಗ, ಎಲ್ಲದರ ವೈದ್ಯ.

ಅಂಗಳದ ಆ ತುದಿಯಿಂದ ಈ ತುದಿಗೆ ಹೊಸ ವೈರು ಎಳೆಯುವ ಬದಲು ಮಾನಪ್ಪ ಇದ್ದದ್ದನ್ನು ನೋಡಿದ. ಶಬ್ಬೀರ್ ಕೇಬಲ್ ಹಾಕುವಾಗ ಅವನೇ ಏಣಿ ಹಿಡಿದಿದ್ದ, ಅವನ ಮಾತು ಕೇಳಿದ್ದ. ನಮ್ಮದರಂಥ ಕಡಿಮೆ ವೇಗದ ಜೋಡಣೆಗೆ ಎಂಟರಲ್ಲಿ ಕಿತ್ತಳೆ ಜೋಡಿ, ಹಸಿರು ಜೋಡಿ ಎರಡೇ ಸಾಕು. ನೀಲಿ, ಕಂದು ಸುಮ್ಮನೆ ಇರುತ್ತವೆ. ಮಾನಪ್ಪ ಅದನ್ನು ಮರೆತಿರಲಿಲ್ಲ. ಕಂದು ಜೋಡಿಯ ಎರಡೂ ಎಳೆಗಳನ್ನು ಒಂದೇ ಮಾಡಿ ಹೊಸೆದ. ಆಫೀಸಿನಲ್ಲಿ ಅದನ್ನು ಗುಂಡಿಯ ಮೂಲಕ ಕರೆಂಟಿಗೆ ಕೊಟ್ಟ. ಇಲ್ಲಿ ನನ್ನ ಕಪಾಟಿನ ಹಿಂದೆ ಗಂಟೆಗೆ ಸೇರಿಸಿ, ಗಂಟೆಯ ಇನ್ನೊಂದು ಕಾಲನ್ನು ನಮ್ಮ ಕೋಣೆಯ ಬೋರ್ಡಿಗೆ ಹಚ್ಚಿ, ಮೇಲೆ ಕಪ್ಪು ಟೇಪು ಸುತ್ತಿದ. ನಾನು ಆ ವಾರ ಚಿಕ್ಕಮ್ಮನ ಮಗಳ ಮದುವೆಗೆ ರಜೆ ಹಾಕಿದ್ದೆ. ಬಂದು ನೋಡಿದರೆ ಗೋಡೆಯ ಮೇಲೆ ಗಂಟೆ, ಅದರ ಕೆಳಗೆ ಮಾನಪ್ಪನ ನಗು.

"ವೈರ್ ಎಲ್ಲಿಂದ ತಂದಿ ಮಾನಪ್ಪಾ?"

"ಇದ್ದದ್ರಾಗ ಮಾಡೀನಿ ಬಿಡ್ರಿ ಮೇಡಂ. ಸುಮ್ನ ಕುಂತಿತ್ತು."

ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆಯ ಮಾತಿಲ್ಲ. ನಾನು ಮತ್ತೆ ಕೇಳಲಿಲ್ಲ, ಕಪಾಟಿನ ಹಿಂದೆ ಬಗ್ಗಿ ನೋಡಲಿಲ್ಲ. ಗಂಟೆ ಬಾರಿಸಿದಾಗಲೆಲ್ಲ ನನ್ನ ಕಂಪ್ಯೂಟರಿನ ಸಂಪರ್ಕ ಒಂದು ಗಳಿಗೆ ಕಡಿದು ಮತ್ತೆ ಬರುತ್ತಿತ್ತು. "ನೋಡ್ರಿ, ಸಾವ್ಕಾರ್ ಕರದ್ರ ನೆಟ್ಟೂ ಎದ್ದ್ ನಿಂದರ್ತದ" ಎಂದು ಮಾನಪ್ಪ ಹೇಳಿ ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಬೇಡವೆಂದರೂ ಕೇಳಿಸುತ್ತದೆ.

ಗುಂಡಿ ಒತ್ತಿದಾಗ ಮಾತ್ರ ಆ ಕಂದು ಎಳೆಯಲ್ಲಿ ಕರೆಂಟು. ಒತ್ತದಿದ್ದಾಗ ಅದು ಸತ್ತ ತಂತಿ. ಟೆಸ್ಟರ್ ಇಟ್ಟು ನೋಡಿದರೂ ದೀಪ ಹತ್ತುತ್ತಿರಲಿಲ್ಲ.

ಬೇಸಿಗೆಯ ಬೆಳೆ ಬರುವ ಕಾಲ. ಗೇಟಿನಿಂದ ಟಾರು ರಸ್ತೆಯವರೆಗೆ ಭತ್ತದ ಲಾರಿಗಳು. ಅಂಥ ದಿನ ಬೆಳಗಿನಿಂದ ನನ್ನ ತೂಕಗಳು ಆಫೀಸಿಗೆ ಹೋಗುತ್ತಿಲ್ಲ. ಪಿಂಗ್ ಕಳಿಸಿದರೆ ಉತ್ತರವಿಲ್ಲ. ಕಿಟಕಿಯ ಹತ್ತಿರ ಕೇಬಲ್ಲನ್ನು ಇಲಿ ಕಡಿದಿದ್ದು ಕಂಡಿತು. ಭತ್ತದ ಗಿರಣಿಯಲ್ಲಿ ಹುಟ್ಟಿ ಬೆಳೆದ ಇಲಿಗೆ ಪ್ಲಾಸ್ಟಿಕ್ಕಿನ ಚಪಲ ಯಾಕೆ ಬಂತೋ. ಫೋನು ಮಾಡಿದ್ದಕ್ಕೆ ಶಬ್ಬೀರ್ ದೇವದುರ್ಗದಿಂದ ಬಿಸಿಲಲ್ಲೇ ಬಂದ. ರಂಜಾನ್ ತಿಂಗಳು, ಅವನಿಗೆ ರೋಜಾದ ಉಪವಾಸ. ತುಟಿ ಒಣಗಿ ಬಿಳಿಚಿಕೊಂಡಿತ್ತು. ಹೊಟ್ಟೆಯೂ ಸ್ವಲ್ಪ ಇಳಿದಂತಿತ್ತು.

"ಇವತ್ತ್ ಹಲ್ಲಿಗಿ ಸೂಟಿ ಮೇಡಂ," ಎಂದು ಚಾಕುವಿನಿಂದ ಕೇಬಲ್ಲಿನ ಸಿಪ್ಪೆ ತೆಗೆದ. ಬೇರೆ ದಿನಗಳಲ್ಲಿ ಅವನು ಕೇಬಲ್ಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈಯಿಂದ ಕನೆಕ್ಟರ್ ಒತ್ತುತ್ತಿದ್ದ. ಅಂದು ಪ್ಲಾಸ್ಟಿಕ್ಕಿನ ರುಚಿಯೂ ನಾಲಿಗೆಗೆ ತಾಗಬಾರದೆಂದು, ಎಡ ಮೊಳಕೈಯನ್ನು ಕಬ್ಬಿಣದ ಮೇಜಿಗೆ ಊರಿ, ಅದರ ಕೆಳಗೆ ಕೇಬಲ್ಲನ್ನು ಅದುಮಿ ಹಿಡಿದ. ಇಲಿ ಕಡಿದದ್ದಕ್ಕಿಂತ ಒಂದು ಮೊಳ ಹಿಂದಕ್ಕೆ ಕೇಬಲ್ ಕತ್ತರಿಸಿದ್ದ. ಕತ್ತರಿಸಿದ ಹಳೆಯ ತುದಿ, ಗಂಟೆಗೆ ಸೇರಿಸಿದ ಟೇಪಿನ ಸಮೇತ, ಕಪಾಟಿನ ಹಿಂದೆ ಬಿದ್ದುಕೊಂಡಿತ್ತು. ಅವನು ಅದನ್ನು ನೋಡಲಿಲ್ಲ. ಗಂಟೆ ಈಗ ಯಾವುದಕ್ಕೂ ಸೇರಿರಲಿಲ್ಲ. ಕಂದು ಎಳೆ ಅವನ ಕೈಯಲ್ಲಿತ್ತು.

ಎಂಟೂ ಎಳೆಗಳನ್ನು ಸಾಲು ಹಿಡಿಸಿದ. ಕನೆಕ್ಟರಿಗೆ ತುರುಕಿದ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಹತ್ಯಾರದ ಬಾಯಿಗೆ ಇಟ್ಟ. ಆ ಹತ್ಯಾರದ ಹಿಡಿಯ ರಬ್ಬರು ಎಂದೋ ಸವೆದು ಉದುರಿ ಬರೀ ಕಬ್ಬಿಣವಾಗಿತ್ತು. ಒತ್ತಿದ.

ಅದೇ ಗಳಿಗೆಗೆ ಅಂಗಳದ ಆ ತುದಿಯಲ್ಲಿ, ಕೆಲಸ ಎಲ್ಲಿಗೆ ಬಂತೆಂದು ಕೇಳಲು, ಸಾವ್ಕಾರರು ಗುಂಡಿ ಒತ್ತಿದರು.

ಶಬ್ಬೀರನ ಕಣ್ಣು ಮೇಲಾದವು. ಮೈ ಬಿಗಿಯಿತು. ಗಡಗಡ ನಡುಗಿದ. ನಾನು ನಕ್ಕೆ.

"ಸಾಕ್ ಬಿಡೋ ಶಬ್ಬೀರಾ, ಹಳೇ ಆಟ," ಎಂದೆ.

ಎಷ್ಟು ಹೊತ್ತು ನಕ್ಕೆನೋ ತಿಳಿಯದು. ಬಾಯಿ ತೆರೆದು ಮುಚ್ಚುವಷ್ಟು ಇರಬೇಕು. ಆದರೆ ಮನಸ್ಸಿನಲ್ಲಿ ಅದನ್ನು ತಿರುಗಿ ತಿರುಗಿ ನೋಡುವಾಗ ಆ ನಗು ಮುಗಿಯುವುದೇ ಇಲ್ಲ. ಅವನ ಗಂಟಲಿನಿಂದ ಬಂದ ಸದ್ದು ಆಟದ ಸದ್ದಾಗಿರಲಿಲ್ಲ. ತುಂಬಿದ ಚೀಲವನ್ನು ನೆಲದ ಮೇಲೆ ಎಳೆದಂತಿತ್ತು. ಕೂದಲು ಸುಟ್ಟ ವಾಸನೆ ಬಂತು. ನಾನು ಎದ್ದು ಗೋಡೆಯ ಮೇಲಿನ ಮೇನ್ ಸ್ವಿಚ್ ಕೆಳಗೆಳೆದೆ. ಫ್ಯಾನು ನಿಂತಿತು, ಕಂಪ್ಯೂಟರ್ ಕಪ್ಪಾಯಿತು, ಕಾಟಾದ ಕೆಂಪು ಅಂಕಿಗಳು ಆರಿದವು. ಕೋಣೆಯಲ್ಲಿ ಕರೆಂಟಿನ ಒಂದು ಹನಿಯೂ ಇಲ್ಲ. ಶಬ್ಬೀರ್ ನಡುಗುತ್ತಲೇ ಇದ್ದ.

ನನ್ನ ಓದು ಅಲ್ಲಿಗೆ ಮುಗಿಯಿತು. ಮುಂದೇನು ಮಾಡಬೇಕೆಂದು ತೋಚಲಿಲ್ಲ. ಕರೆಂಟಿಲ್ಲದ ಕೋಣೆಯಲ್ಲಿ ಕರೆಂಟು ಹೊಡೆಯುತ್ತಿದೆ. ದೆವ್ವವೆಂದು ಯಾರಾದರೂ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಮಾನಪ್ಪ ನಿಂತಿದ್ದ. ಅವನು ಶಬ್ಬೀರನ ಕೈ ನೋಡಿದ, ಗೋಡೆಯ ಮೇಲಿನ ಗಂಟೆಯನ್ನು ನೋಡಿದ. ಅವನ ಮುಖ ಬೂದಿಯಾಯಿತು.

"ಗಂಟಿ!" ಎಂದ. "ಯಪ್ಪಾ, ಗಂಟಿ!"

ಹೆಗಲ ಟವೆಲ್ಲನ್ನು ಬೀಸುತ್ತ ಅಂಗಳಕ್ಕೆ ಹಾರಿದ. "ಕೈ ಬಿಡ್ರೀ ಸಾವ್ಕಾರಾ! ಗಂಟಿ ಬಿಡ್ರೀ!" ಗಿರಣಿಯ ಸದ್ದಿನಲ್ಲಿ ಆ ಕೂಗು ಆಫೀಸಿಗೆ ಮುಟ್ಟುವ ಹಾಗಿರಲಿಲ್ಲ. ಅಂಗಳದ ತುಂಬ ಮೊಣಕಾಲೆತ್ತರಕ್ಕೆ ಸುರಿದ ಭತ್ತ. ಅದರಲ್ಲಿ ಓಡಲಾಗುವುದಿಲ್ಲ, ಕಾಲು ಹೂತುಹೋಗುತ್ತದೆ. ಅವನು ಬಿದ್ದ, ಎದ್ದ, ಮತ್ತೆ ಬಿದ್ದ. ನಾನು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ಅದರ ಕಾಲುಗಳಿಂದ ಶಬ್ಬೀರನ ಎದೆಯನ್ನು ದೂಡಿದೆ. ಅವನು ಅಲ್ಲಾಡಲಿಲ್ಲ. ಮೊಳಕೈ ಮೇಜಿಗೆ ಹೊಲಿದಂತಿತ್ತು. ಮತ್ತೆ ದೂಡಿದೆ, ಹೊಡೆದೆ ಎನ್ನುವುದೇ ಸರಿ. ಮೂರನೆಯದೋ ನಾಲ್ಕನೆಯದೋ ಏಟಿಗೆ ಅವನು ಒಮ್ಮೆಲೇ ಸಡಿಲಾಗಿ ನನ್ನ ಕಾಲ ಮೇಲೆ ಬಿದ್ದ. ಹತ್ಯಾರ ಅವನ ಮುಷ್ಟಿಯಲ್ಲೇ ಇತ್ತು.

ಅವನನ್ನು ಬಿಡಿಸಿದ್ದು ನನ್ನ ಕುರ್ಚಿಯೋ, ಆ ತುದಿಯ ಹೆಬ್ಬೆರಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಏಕೆಂದರೆ ಅದೇ ಹೊತ್ತಿಗೆ ಸಾವ್ಕಾರರು ಆಫೀಸಿನ ಬಾಗಿಲಿಗೆ ಬಂದು ನಿಂತಿದ್ದರು. ಭತ್ತದಲ್ಲಿ ತೆವಳುತ್ತಿದ್ದ ಮಾನಪ್ಪನನ್ನು ನೋಡಿ ಅವರು ಹೇಳಿದ ಮಾತನ್ನು ಮಾನಪ್ಪ ಆಮೇಲೆ ನನಗೆ ಹೇಳಿದ.

"ಏನ್ಲೇ, ಗಂಟಿ ಕೆಟ್ಟದೇನು? ಒತ್ತೇ ಒತ್ತೀನಿ, ಬಾರಸವಲ್ದು!"

ಬಾರಿಸದ ಗಂಟೆಯನ್ನು ಅವರು ಇನ್ನಷ್ಟು ಗಟ್ಟಿಯಾಗಿ ಒತ್ತಿದ್ದರು. ಬಾರಿಸದ ಗಂಟೆಯನ್ನು ಯಾರಾದರೂ ಹಾಗೆಯೇ ಒತ್ತುತ್ತಾರೆ.

ಸಾಲಿನ ಮೊದಲ ಲಾರಿಯ ಡ್ರೈವರು ತೆಲಂಗಾಣದ ಕಡೆಯವನು. ಗಲಾಟೆ ಕೇಳಿ ಒಳಗೆ ಬಂದವನೇ "ಜರಗಂಡಿ, ಜರಗಂಡಿ! ಗಾಳಿ ಬಿಡ್ರಿ!" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಶಬ್ಬೀರನ ಎದೆಯ ಮೇಲೆ ಎರಡೂ ಕೈ ಊರಿ ಒತ್ತತೊಡಗಿದ. ಒತ್ತುವುದು, ಬಿಡುವುದು. ಒತ್ತುವುದು, ಬಿಡುವುದು. ನಾನು ಶಬ್ಬೀರನ ಕಿವಿಯ ಹತ್ತಿರ ಬಾಯಿಟ್ಟು ಅವನ ಹೆಸರು ಕೂಗುತ್ತಿದ್ದೆ. ಉತ್ತರವಿಲ್ಲ. ಮತ್ತೆ ಕೂಗುತ್ತಿದ್ದೆ. ಉತ್ತರವಿಲ್ಲ. ಕೊನೆಗೆ ಅವನ ಬಾಯಿಂದ ಒಂದು ಕೆಮ್ಮು ಬಂತು. ಅಷ್ಟು ಕೊಳಕಾದ, ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಡ್ರೈವರು ಹಿಂದಕ್ಕೆ ಕೂತು ತನ್ನ ಬನಿಯನ್ನಿನಿಂದ ಮುಖ ಒರೆಸಿಕೊಂಡ.

ಸಾವ್ಕಾರರು ಅಂಗಳ ದಾಟಿ ಬರುವಷ್ಟರಲ್ಲಿ ಮಾನಪ್ಪ ಅವರಿಗೆ ಎಲ್ಲ ಹೇಳಿದ್ದ. ಬಾಗಿಲ ಹೊರಗೆ ನಿಂತರು. ಒಳಗೆ ಬರಲಿಲ್ಲ. "ನಾನಾ?" ಎಂದು ಒಂದೇ ಮಾತು ಕೇಳಿದರು. ತಮ್ಮ ಕಾರಿನ ಬಾಗಿಲು ತಾವೇ ತೆಗೆದು, ಶಬ್ಬೀರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಮಾನ್ವಿಗೆ, ಅಲ್ಲಿಂದ ರಾಯಚೂರಿಗೆ ಹೋದರು. ಮರುದಿನ ನೋಡಿದರೆ ಅವರ ಮೇಜಿನ ಮೇಲೆ ಗುಂಡಿ ಇದ್ದ ಜಾಗದಲ್ಲಿ ಎರಡು ತೂತುಗಳಿದ್ದವು. ಆಫೀಸಿನ ನೆಟ್‌ವರ್ಕ್ ಸ್ವಿಚ್ಚಿನ ಪೆಟ್ಟಿಗೆ ಒಳಗೇ ಸುಟ್ಟು ಕರಕಾಗಿತ್ತು. ಮಾನಪ್ಪ ಒಂದು ವಾರ ಗೇಟಿನ ಹೊರಗೇ ಕೂತ. ಕೋಣೆಯೊಳಗೆ ಬಾ ಎಂದರೆ ತಲೆಯಾಡಿಸುತ್ತಿದ್ದ. ಬೈಯಲು ಯಾರಿಗೂ ಬಾಯಿ ಬರಲಿಲ್ಲ. ಅವನು ಮಾಡಿದ್ದನ್ನು ನಮ್ಮಲ್ಲಿ ಯಾರಾದರೂ ಮಾಡುತ್ತಿದ್ದೆವು.

ಶಬ್ಬೀರ್ ಬದುಕಿದ. ಬಲಗೈಯ ಹೆಬ್ಬೆರಳು, ತೋರುಬೆರಳು ಸುಟ್ಟು ಮಡಚಲಾರದಂತಾದವು. ಎದೆ ಆಗಾಗ ಲೆಕ್ಕ ತಪ್ಪಿ ಹೊಡೆದುಕೊಳ್ಳುತ್ತದೆ, ಮಾತ್ರೆ ಇದೆ. ಹಬ್ಬ ಮುಗಿದ ಮೇಲೆ ಒಂದು ಭಾನುವಾರ ನಾನು ದೇವದುರ್ಗಕ್ಕೆ ಹೋದೆ. ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ.

"ಬರ್ರಿ ಮೇಡಂ. ಕುರ್ಚಿ ಕೊಡಾಕ ಅಂಜಿಕಿ ಬರ್ತದ. ಮತ್ತ ಹೊಡದ್ರ ಏನ್ ಮಾಡ್ಲಿ?"

ಅವನ ಅಮ್ಮಿ ಒಳಗಿನಿಂದ "ಚುಪ್ ರೇ, ಬಚ್ಚಿ ಕು ಪಾನಿ ತೋ ಪೀನೆ ದೇ" ಎಂದು ಗದರಿ ನನಗೆ ನೀರು ಕೊಟ್ಟಳು. ಶಬ್ಬೀರನಿಗೆ ಆ ಗಳಿಗೆಯ ಯಾವ ನೆನಪೂ ಇರಲಿಲ್ಲ. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಫ್ಯಾನು. ನಡುವಿನದೆಲ್ಲ ನನ್ನ ಪಾಲಿಗೆ ಬಿಟ್ಟಿದ್ದಾನೆ. ಕೇಳಿದ, ಹೇಳಿದೆ. ನಕ್ಕಿದ್ದನ್ನೂ ಹೇಳಿದೆ.

"ನಗಬೇಕಾದ್ದ ಅದು. ಅಷ್ಟ್ ಸಲ ಮಾಡೀನಿ," ಎಂದ. ಅಂಗಿಯ ಗುಂಡಿಯನ್ನು ಬಿಟ್ಟು ಹೇಳಿದ, "ರೋಜಾ ಇರದಿದ್ರ ವೈರ್ ನನ್ನ ಬಾಯಾಗ ಇರ್ತಿತ್ರಿ. ಬಾಯಾಗ ಹೊಡದ್ರ ಅಲ್ಲೇ ಮುಗೀತಿತ್ತು. ಮತ್ತ, ರೋಜಾ ಇದ್ದದ್ದಕ್ಕಾ ಮೊಳಕೈ ಕಬ್ಬಿಣಕ್ಕ ಊರಿದ್ದೆ. ಅದು ಊರದಿದ್ರ ಎದಿಯಾಗಿಂದ ಹಾಯ್ತಿರಲಿಲ್ಲ. ಮ್ಯಾಲಿನವ ಒಂದ್ ಕೈಲೆ ಕೊಟ್ಟ, ಒಂದ್ ಕೈಲೆ ತಗೊಂಡ. ಯಾವ್ದ್ ಹಿಡ್ಕೊಂಡ್ ಕುಂದರ್ಲಿ?"

ಅವನನ್ನು ಕಾಡುತ್ತಿದ್ದ ಪ್ರಶ್ನೆ ಅದಲ್ಲವೆಂದು ಹೊರಡುವಾಗ ತಿಳಿಯಿತು. ಮಂಚದ ಕೆಳಗೆ ಹತ್ಯಾರಗಳ ಚೀಲ ಮುಚ್ಚಿದ ಹಾಗೆಯೇ ಇತ್ತು. "ಎಡಗೈಗಿ ಕಲಿಸಬೌದು," ಎಂದ. "ಅದು ಕಲೀತದ. ಆದ್ರ ಒತ್ತೋ ಮುಂದ ನಿಂದರ್ತದ್ರಿ. ಮನ್ಯಾಗ ಖಾಲಿ ಕೇಬಲ್ ತಗೊಂಡ್ ಕುಂತ್ರೂ ನಿಂದರ್ತದ. ಆ ಕಡಿ ಯಾರದಾರ ಅಂತ ನೋಡ್ತದ." ಬೇರೆ ಕಸುಬು ಅವನಿಗೆ ಬಾರದು.

ಮುಂಗಾರು ಹಿಡಿದ ಮೇಲೆ ಅವನೇ ಗಿರಣಿಗೆ ಬಂದ. ಗಿರಣಿಯ ಆಳುಗಳಿಂದ ಹೊಸ ಕೇಬಲ್ಲು ಎಳೆಸಿದ್ದೆವು, ಎರಡೂ ತುದಿ ಹಾಗೇ ಜೋತಾಡುತ್ತಿದ್ದವು. ತುದಿ ಒತ್ತಲು ಸಾವ್ಕಾರರು ಬೇರೆ ಯಾರನ್ನೂ ಕರೆಸಲು ಬಿಟ್ಟಿರಲಿಲ್ಲ. ಅಲ್ಲಿಯವರೆಗೆ ನಾನು ತೂಕಗಳನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದೆ. ಶಬ್ಬೀರ್ ನನ್ನ ಮೇಜಿನ ಮುಂದೆ ಕೂತ. ಮೇಜಿನ ಮೇಲೆ ರಬ್ಬರಿನ ಹಾಸು, ಹೊಸ ಹತ್ಯಾರ, ದಪ್ಪ ಹಿಡಿ. ಸುಟ್ಟ ಬೆರಳುಗಳಿಗೆ ಎಳೆಗಳನ್ನು ಬಿಡಿಸಲಾಗಲಿಲ್ಲ. ಅವನು ಬಣ್ಣ ಹೇಳಿದ, ನಾನು ಬಿಡಿಸಿ ಸಾಲು ಹಿಡಿಸಿದೆ. ಕಂದನ್ನು ಕೊನೆಗೆ ನಾನೇ ಸಾಲಿಗೆ ಸೇರಿಸಿದೆ. ಕನೆಕ್ಟರಿಗೆ ತುರುಕಿ ಹತ್ಯಾರದ ಬಾಯಿಗೆ ಇಟ್ಟುಕೊಟ್ಟೆ. ಅವನು ಎಡಗೈಯಿಂದ ಹಿಡಿದ.

ಒತ್ತಲಿಲ್ಲ. ಕಿಟಕಿಯಾಚೆ, ಅಂಗಳದ ಆ ತುದಿಯ ಆಫೀಸಿನ ಬಾಗಿಲನ್ನು ನೋಡುತ್ತಿದ್ದ. ಗಂಟೆಯಿಲ್ಲ, ಗುಂಡಿಯಿಲ್ಲ, ಕೇಬಲ್ಲಿನ ಆ ತುದಿ ಬರೀ ಗಾಳಿಯಲ್ಲಿದೆ ಎಂದು ಅವನೇ ಹೋಗಿ ನೋಡಿ ಬಂದಿದ್ದ. ಆದರೂ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

"ಸಾವ್ಕಾರ್ ಒಳಗ ಅದಾರೇನ್ರಿ?"

"ಅದಾರ."

ಅವನು ಹತ್ಯಾರವನ್ನು ಮೇಜಿನ ಮೇಲಿಟ್ಟ. ಬಾಗಿಲಲ್ಲಿದ್ದ ಮಾನಪ್ಪ ಅಂಗಳ ದಾಟಿ ಹೋದ. ಸ್ವಲ್ಪ ಹೊತ್ತಿಗೆ ಸಾವ್ಕಾರರು ಬಂದರು. ನನ್ನ ಅಷ್ಟು ವರ್ಷದ ಕೆಲಸದಲ್ಲಿ ಅವರು ಆ ಕೋಣೆಯೊಳಗೆ ಕಾಲಿಟ್ಟಿದ್ದನ್ನು ನಾನು ಕಂಡಿರಲಿಲ್ಲ. ಧೋತರದ ಅಂಚಿಗೆ ಕೆಸರು ಹತ್ತಿತ್ತು. ಸ್ಟೂಲು ಎಳೆದುಕೊಂಡು ಶಬ್ಬೀರನ ಎದುರಿಗೆ ಕೂತರು. ಎರಡೂ ಅಂಗೈಗಳನ್ನು ಅವನಿಗೆ ಕಾಣುವ ಹಾಗೆ ಮೇಜಿನ ಮೇಲೆ ಊರಿದರು, ಬೆರಳುಗಳನ್ನು ಅಗಲವಾಗಿ ಹರಡಿ.

"ಹೂಂ," ಎಂದರು. "ಈಗ ಒತ್ತಪಾ."

ಶಬ್ಬೀರ್ ಆ ಕೈಗಳನ್ನು ನೋಡಿದ. ಹತ್ಯಾರ ಎತ್ತಿಕೊಂಡ. ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡು, ಒತ್ತಿದ.

ಕಟ್ ಎಂದಿತು. ಮತ್ತೇನೂ ಆಗಲಿಲ್ಲ. ಅವನು ಉಸಿರು ಬಿಟ್ಟದ್ದು ಬಾಗಿಲಲ್ಲಿ ನಿಂತ ಮಾನಪ್ಪನಿಗೂ ಕೇಳಿಸಿತು.

"ಆತ್ರಿ ಸಾವ್ಕಾರ. ಕೈ ತಗೀರಿ ಇನ್ನ."

ಸಾವ್ಕಾರರು ಕೈ ತೆಗೆಯಲಿಲ್ಲ. ಹೊರಗೆ ಯಾವುದೋ ಲಾರಿ ಹಾರ್ನ್ ಹೊಡೆಯಿತು. ಅವರು ಅತ್ತ ತಿರುಗಲೂ ಇಲ್ಲ.

"ಆ ಕಡಿ ತುದಿ ಇನ್ನಾ ಉಳದದಲ್ಲೋ ಶಬ್ಬೀರಾ," ಎಂದರು. "ಹೋಗಿ ಅದನ್ನ ಮುಗಸು. ನೀ ಬರೋತನಾ ನಾನ್ ಹಿಂಗಾ ಕುಂತಿರ್ತೀನಿ. ಬೇಕಂದ್ರ ಕಿಟಕ್ಯಾಗಿಂದ ನೋಡು, ಕಾಣ್ತೀನಿ."